ಅಪ್ಪ ಮುಗಿಸುತ್ತಿದ್ದ ಸಾಲುಗಳು

ಅಪ್ಪನ ಮಾತು ಹೋದದ್ದು ಒಂದು ಮಂಗಳವಾರ ಬೆಳಿಗ್ಗೆ. ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ರೈಲ್ವೆಯಿಂದ ನಿವೃತ್ತರಾದ ಮೇಲೆ ಅವರು ಮದ್ರಾಸಿನ ಮಾಧವರಂನಲ್ಲಿ, ಹಾಲಿನ ಡೈರಿಯಿಂದ ಹತ್ತು ನಿಮಿಷ ನಡೆಯುವಷ್ಟು ದೂರದಲ್ಲಿ, ಎರಡು ಕೋಣೆಯ ಮನೆ ಕಟ್ಟಿಸಿದ್ದರು. ದಿನಾ ಆರು ಗಂಟೆಗೆ ಹೋಗಿ ಎರಡು ಪಾಕೀಟು ಹಾಲು ತರುವುದು ಅವರ ಪಾಲಿನ ಕೆಲಸ. ಆ ದಿನ ಬಂದವರು ಒಳಗೆ ಬರದೆ ಮೆಟ್ಟಿಲ ಮೇಲೆ ಕೂತುಬಿಟ್ಟರು. ನಾನು ಆಫೀಸಿಗೆ ಹೊರಡಲು ತಲೆ ಬಾಚಿಕೊಳ್ಳುತ್ತಿದ್ದೆ. ಏನೋ ಕೇಳಿದರು ಅನ್ನಿಸಿ ಹೊರಗೆ ಬಂದೆ. ಅಪ್ಪ ನನ್ನ ಮುಖ ನೋಡಿ ಮತ್ತೊಮ್ಮೆ ಹೇಳಿದರು. ಅದು ಕನ್ನಡವಲ್ಲ, ತಮಿಳಲ್ಲ, ಯಾವ ಭಾಷೆಯೂ ಅಲ್ಲ. ಬಾಯಿಯ ಬಲತುದಿ ಕೆಳಗೆ ಜಾರಿತ್ತು. ಹಾಲಿನ ಪಾಕೀಟುಗಳು ಮಾತ್ರ ಎಡಗೈಯಲ್ಲಿ ಭದ್ರವಾಗಿದ್ದವು.

ಅವ್ವ ಬಂದು ಒಮ್ಮೆ ನೋಡಿದಳು, ಅಷ್ಟೇ. "ಲಕ್ವಾ ಹೊಡದೈತಿ. ಆಟೋ ಕರಿ, ಲಗೂನ" ಅಂದಳು.

ರೈಲ್ವೆ ಆಸ್ಪತ್ರೆಯಲ್ಲಿ ಮೂರು ವಾರ ಇದ್ದೆವು. ಜೀವ ಉಳಿಯಿತು. ಬಲಗಾಲು ಎಳೆದುಕೊಂಡು ನಡೆಯುವಷ್ಟಾಯಿತು. ಬಲಗೈ ಮಡಿಲಲ್ಲಿ ಇಟ್ಟಲ್ಲಿಯೇ ಇರುತ್ತಿತ್ತು. ನಾವು ಹೇಳಿದ್ದು ಅವರಿಗೆ ತಿಳಿಯುತ್ತದೆ, ಅವರು ಹೇಳಬೇಕೆಂದದ್ದು ಹೊರಗೆ ಬರುವುದಿಲ್ಲ ಎಂದು ಡಾಕ್ಟರು ವಿವರಿಸಿದರು. ಉಳಿದದ್ದು ಒಂದೇ ಪದ: "ಸರಿ." ತಮಿಳಿನಲ್ಲೂ ಕನ್ನಡದಲ್ಲೂ ಇರುವ ಪದ. ನೀರು ಬೇಕಾದರೂ ಸರಿ, ಬೇಡವಾದರೂ ಸರಿ, ಕಾಲು ನೋಯುತ್ತಿದ್ದರೂ ಸರಿ. ಒಂದು ದಿನ ಕಣ್ಣಲ್ಲಿ ನೀರು ತುಂಬಿಕೊಂಡು ಹತ್ತು ಸಲ "ಸರಿ ಸರಿ" ಅಂದರು. ನಮಗೆ ಏನೆಂದು ಗೊತ್ತಾಗಲಿಲ್ಲ. ಆಮೇಲೆ ನೋಡಿದರೆ ಅವರ ಮೊಣಕೈಯ ಚರ್ಮ ಮಂಚದ ಅಂಚಿನ ಕಬ್ಬಿಣದಲ್ಲಿ ಸಿಕ್ಕಿಕೊಂಡಿತ್ತು.

ಅಪ್ಪನ ಇಡೀ ನೌಕರಿಯೇ ಮಾತು. ಕಂಟ್ರೋಲ್ ಆಫೀಸಿನಲ್ಲಿ ದೊಡ್ಡ ಹಾಳೆಯ ಮುಂದೆ ಕೂತು, ಯಾವ ಗಾಡಿ ಎಲ್ಲಿ ನಿಲ್ಲಬೇಕು, ಯಾವುದು ಮುಂದೆ ಹೋಗಬೇಕು ಎಂದು ಫೋನಿನಲ್ಲಿ ಸ್ಟೇಷನ್ ಮಾಸ್ತರರಿಗೆ ಹೇಳುವ ಕೆಲಸ. ಅರಕ್ಕೋಣದ ಕಡೆಯವರ ಜೊತೆ ತಮಿಳು, ಗೂಡೂರಿನ ಕಡೆಯವರ ಜೊತೆ ತೆಲುಗು, ಮೇಲಿನವರ ಜೊತೆ ಇಂಗ್ಲಿಷು. ಮನೆಗೆ ಬಂದರೆ ಗದಗ-ಬೆಟಗೇರಿಯ ಕನ್ನಡ. ಅಪ್ಪ, ಅವ್ವ ಇಬ್ಬರೂ ಅಲ್ಲಿನ ಕ್ರೈಸ್ತ ಮನೆತನಗಳವರು. ನಾನೊಬ್ಬಳೇ ಮಗಳು, ಹುಟ್ಟಿದ್ದು ಬೆಳೆದದ್ದೆಲ್ಲ ಮದ್ರಾಸು, ಓದಿದ್ದು ತಮಿಳು ಶಾಲೆ. ಅಪ್ಪ ಕನ್ನಡದಲ್ಲಿ ಕೇಳುತ್ತಿದ್ದರು, ನಾನು ತಮಿಳಿನಲ್ಲಿ ಉತ್ತರ ಕೊಡುತ್ತಿದ್ದೆ. ಎಂಟು ವರ್ಷದವಳಿದ್ದಾಗ ಸ್ಲೇಟು ತಂದು ಅ ಆ ಇ ಈ ಬರೆಸಲು ನೋಡಿದರು. ನಾನು ಕುಂಟೆಬಿಲ್ಲೆ ಆಡಲು ಓಡಿಹೋದೆ. ಅವರು ಬಲವಂತ ಮಾಡಲಿಲ್ಲ. ಅವರ ಮಾತು ಹೋದಾಗ ನನಗೆ ಇಪ್ಪತ್ತಾರು, ಮೌಂಟ್ ರೋಡಿನ ಒಂದು ವಿಮಾ ಕಚೇರಿಯಲ್ಲಿ ಕೆಲಸ, ಕನ್ನಡದ ಒಂದು ಅಕ್ಷರವೂ ಬರುತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ಮಾತು ಕಲಿಸಲು ಒಬ್ಬ ತಮಿಳು ಹುಡುಗಿ ಬರುತ್ತಿದ್ದಳು. ಚಿತ್ರದ ಕಾರ್ಡುಗಳನ್ನು ಅಪ್ಪನ ಮುಂದೆ ಹಿಡಿದು, "ಇದು ಎನ್ನ ಸಾರ್?" ಇದೇನು ಎಂದು ಕೇಳುವಳು. ಬಾಳೆಹಣ್ಣು, ಕೊಡೆ, ಬಸ್ಸು. ಅಪ್ಪ ಎಲ್ಲದಕ್ಕೂ "ಸರಿ." ಎರಡನೆಯ ವಾರ ಕಾರ್ಡುಗಳನ್ನೆಲ್ಲ ಎಡಗೈಯಿಂದ ನೆಲಕ್ಕೆ ತಳ್ಳಿದರು. ಆಕೆ ಬೇಸರ ಮಾಡಿಕೊಳ್ಳದೆ ಒಂದೊಂದಾಗಿ ಆರಿಸಿಕೊಂಡು, ನನ್ನನ್ನು ವರಾಂಡಕ್ಕೆ ಕರೆದಳು.

"ಇವರು ಚಿಕ್ಕಂದಿನಲ್ಲಿ ಬಾಯಿಪಾಠ ಮಾಡಿದ್ದು ಏನಾದರೂ ಇದೆಯಾ?" ಎಂದು ತಮಿಳಿನಲ್ಲಿ ಕೇಳಿದಳು. "ಹಾಡು, ಮಗ್ಗಿ, ಪ್ರಾರ್ಥನೆ, ಏನಾದರೂ ಸರಿ. ಯೋಚಿಸಿ ಆಡುವ ಮಾತು ಬೇರೆ, ತಾನಾಗಿ ಬರುವ ಮಾತು ಬೇರೆ. ಕೆಲವರಿಗೆ ಎರಡನೆಯದು ಉಳಿದಿರುತ್ತದೆ."

ನಾನು ಹೋಗಿ ಅವ್ವನನ್ನು ಕೇಳಿದೆ. ಅವ್ವ ಹೇಳಿದಳು:

"ನಿಮ್ಮಪ್ಪ ತಾಯಿ ಇಲ್ಲದ ಕೂಸು. ಬೋರ್ಡಿಂಗ್ ಹೋಮಿನಾಗ ಬೆಳದಾರ. ಅಲ್ಲೆ ಒಬ್ಬಾಕಿ ಅಮ್ಮ ಇದ್ಲಂತ. ದಿನಾ ಮುಂಜಾನೆ ಒಂದು ಕೀರ್ತನಿ ಒಪ್ಪಿಸೂತನಕ ಅಂಬಲಿ ಬಡಸ್ತಿದ್ದಿಲ್ಲಂತ. ನೂರಾಐವತ್ತೂ ಬಾಯಿಪಾಠ ಇದ್ದುವು ಅಂತ ಲಗ್ನ ಆದ ಹೊಸದಾಗಿ ಹೇಳಿದ್ರು. ಆಮ್ಯಾಲೆ ಎಂದೂ ಅಂದದ್ದು ಕೇಳಿಲ್ಲ ನಾ."

ನಾನೂ ಕೇಳಿರಲಿಲ್ಲ. ಅಪ್ಪ ಭಾರೀ ಭಕ್ತರೇನಲ್ಲ. ಕ್ರಿಸ್‌ಮಸ್ಸಿಗೆ, ಈಸ್ಟರಿಗೆ ಚರ್ಚಿಗೆ ಬರುತ್ತಿದ್ದರು, ಉಳಿದ ಭಾನುವಾರ ಡ್ಯೂಟಿ ಎನ್ನುತ್ತಿದ್ದರು. ಡ್ಯೂಟಿ ಇಲ್ಲದ ಭಾನುವಾರವೂ ಹಾಗೆಯೇ ಎನ್ನುತ್ತಿದ್ದರು.

ಮನೆಗೆ ಬಂದ ಮೇಲೆ ಅವ್ವ ತನ್ನ ತವರಿನಿಂದ ಬಂದ ಕನ್ನಡ ಸತ್ಯವೇದವನ್ನು, ಅಂದರೆ ಬೈಬಲನ್ನು, ಟ್ರಂಕಿನಿಂದ ತೆಗೆದಳು. ಆ ನೂರೈವತ್ತು ಕೀರ್ತನೆಗಳು ಅದರ ಒಂದು ಭಾಗ. ಓದಬೇಕಾದವರು ಯಾರು? ಸಕ್ಕರೆ ಕಾಯಿಲೆಯಿಂದ ಅವ್ವನ ಕಣ್ಣು ಮಂಜಾಗಿತ್ತು. ಅಷ್ಟು ಸಣ್ಣ ಅಕ್ಷರ ಅವಳಿಗೆ ಕಾಣುತ್ತಿರಲಿಲ್ಲ. ಕುರುಬನ ಕೀರ್ತನೆ ಅವಳಿಗೆ ಬರುತ್ತಿತ್ತು, ಬೆಟ್ಟದ ಕಡೆ ಕಣ್ಣೆತ್ತುವ ಕೀರ್ತನೆ ಅರ್ಧ ಬರುತ್ತಿತ್ತು. ಅವಳು ಹೇಳಿದ್ದನ್ನು ನಾನು ಆಫೀಸಿನ ನೋಟ್‌ಪ್ಯಾಡಿನಲ್ಲಿ ತಮಿಳು ಲಿಪಿಯಲ್ಲಿ ಬರೆದುಕೊಂಡು, ಮರುದಿನ ಬೆಳಿಗ್ಗೆ ಅಪ್ಪನ ಮುಂದೆ ಕೂತು ಓದಿದೆ.

ಅಪ್ಪನ ಮುಖ ಹುಳಿ ತಿಂದ ಹಾಗಾಯಿತು. ತಮಿಳಿನಲ್ಲಿ ಪ, ಬ ಎರಡಕ್ಕೂ ಒಂದೇ ಅಕ್ಷರ. ತ, ದ ಎರಡಕ್ಕೂ ಒಂದೇ. ನಾನು ದಾರಿಯನ್ನು 'ತಾರಿ' ಮಾಡಿದ್ದೆ, ಬೆಟ್ಟವನ್ನು 'ಪೆಟ್ಟ' ಮಾಡಿದ್ದೆ. ಅಪ್ಪ "ಸರಿ ಸರಿ ಸರಿ" ಎಂದು ಕೈ ಬೀಸಿ ತಡೆದರು. ಆಮೇಲೆ ನನ್ನ ಕೈ ಹಿಡಿದು ತಮ್ಮ ಗಂಟಲಿನ ಮೇಲೆ ಇಟ್ಟುಕೊಂಡರು. ತುಟಿ ಕೂಡಿಸಿ, ತುಂಬ ಕಷ್ಟಪಟ್ಟು, "ಬ್ಬ" ಅಂದರು. ಬೆರಳಿಗೆ ಗುಂಯ್ ಎಂದು ತಾಗಿತು. ಆಮೇಲೆ "ಪ್" ಅಂದರು. ಗಂಟಲು ಸುಮ್ಮನಿತ್ತು. ಇದು ಆಸ್ಪತ್ರೆಯ ಆ ಹುಡುಗಿ ಅವರಿಗೆ ಸದ್ದು ಕಲಿಸಲು ಮಾಡುತ್ತಿದ್ದ ಉಪಾಯ. ಅಪ್ಪ ಅದನ್ನು ನನಗೆ ಕಲಿಸಲು ಬಳಸುತ್ತಿದ್ದರು.

"ನೋಡಿದೇನು, ನಿಮ್ಮಪ್ಪಗ ನಿನ್ನ ಕನ್ನಡ ಸೇರಂಗಿಲ್ಲ" ಎಂದು ಅವ್ವ ನಕ್ಕಳು. ಲಕ್ವ ಹೊಡೆದ ಮೇಲೆ ಅವಳು ನಕ್ಕದ್ದು ಅದೇ ಮೊದಲು.

ಅವತ್ತೇ ಅಕ್ಷರ ಕಲಿಯಲು ಕೂತೆ. ಅವ್ವ ಸೀಮೆಸುಣ್ಣದಿಂದ ನೆಲದ ಮೇಲೆ ಒಂದೊಂದು ಅಕ್ಷರವನ್ನು ತಟ್ಟೆಯಷ್ಟು ದೊಡ್ಡದಾಗಿ ಬರೆಯುವಳು. ಅಷ್ಟು ದೊಡ್ಡದಾದರೆ ಅವಳಿಗೂ ಕಾಣುತ್ತಿತ್ತು. ನಾನು ಅದರ ಪಕ್ಕದಲ್ಲಿ ತಿದ್ದುವೆ. ಅಪ್ಪ ಕುರ್ಚಿಯಲ್ಲಿ ಕೂತು ನೋಡುವರು. ತಪ್ಪಿದರೆ ಕುರ್ಚಿಯ ಕೈ ಮೇಲೆ ಬೆರಳಿನಿಂದ ಒಂದು ಏಟು. ದೀರ್ಘ ಬಿಟ್ಟರೆ ಎರಡು ಏಟು. ಬೆಳಿಗ್ಗೆ ಐದೂವರೆಯಿಂದ ಆರೂವರೆ ನಮ್ಮ ಶಾಲೆ. ಆಮೇಲೆ ನಾನು ನೆಲ ಒರೆಸಿ, ಸ್ನಾನ ಮಾಡಿ, ಬಸ್ಸು ಹಿಡಿಯಬೇಕು. ಬಸ್ಸಿನ ಕಿಟಕಿಯಿಂದ ತಮಿಳು ಬೋರ್ಡುಗಳನ್ನು ನೋಡುತ್ತ ಅವುಗಳನ್ನು ಮನಸ್ಸಿನಲ್ಲಿ ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳುತ್ತಿದ್ದೆ. ಒತ್ತಕ್ಷರಗಳು ನನ್ನನ್ನು ಬಹಳ ಕಾಡಿದವು. ಎರಡೂವರೆ ತಿಂಗಳಿಗೆ, ಬೆರಳಿಟ್ಟುಕೊಂಡು, ಒಂದು ಸಾಲು ಓದುವಷ್ಟಾದೆ.

ಓದಲು ಬಂದರೂ ಅರ್ಥವಾಗುತ್ತಿರಲಿಲ್ಲ. ಪುಸ್ತಕದ ಕನ್ನಡವೇ ಬೇರೆ. "ಮೊರೆ ಅಂದ್ರ ಏನವ್ವಾ?" ಎಂದು ಕೇಳಿದೆ. ಅಪ್ಪನ ಜೊತೆ ಕೂತು ಕೂತು ಅಷ್ಟು ಹೊತ್ತಿಗೆ ನನ್ನ ಬಾಯಲ್ಲೂ ಕನ್ನಡ ಬರತೊಡಗಿತ್ತು.

"ದೊಡ್ಡವರ ಮುಂದ ನಿಂತು ನಮ್ಮ ಕಷ್ಟ ಕೂಗಿ ಹೇಳ್ಕೊಳ್ಳೂದು" ಅಂದಳು ಅವ್ವ.

ತಮಿಳಿನಲ್ಲಿ 'ಮುರೈಯೀಡು' ಎಂದರೆ ಕಚೇರಿಗೆ ಕೊಡುವ ದೂರು. ಹಾಗಾದರೆ ಇದು ದೂರು! ನಾನು ಚರ್ಚಿನಲ್ಲಿ ಕೇಳಿಸಿಕೊಂಡು ಬೆಳೆದ ಕೀರ್ತನೆಗಳೆಲ್ಲ ಸ್ತುತಿ, ಸ್ತೋತ್ರ, ಹಸಿರು ಹುಲ್ಲುಗಾವಲು. ಮೊದಲಿನಿಂದ ಸಾಲಾಗಿ ಓದುತ್ತ ಹೋದಾಗ ಗೊತ್ತಾಯಿತು, ಅವುಗಳಲ್ಲಿ ಎಷ್ಟೋ ಪಾಲು ನರಳಾಟ. ಎಲುಬು ನೋಯುತ್ತದೆ, ಹಾಸಿಗೆ ಕಣ್ಣೀರಿನಲ್ಲಿ ತೊಯ್ಯುತ್ತದೆ, ಗೆಳೆಯರು ದೂರ ನಿಲ್ಲುತ್ತಾರೆ, ನಾಲಿಗೆ ಬಾಯಿಯ ಅಂಗುಳಕ್ಕೆ ಅಂಟಿಕೊಳ್ಳುತ್ತದೆ. ಆ ನಾಲಿಗೆಯ ಸಾಲು ಓದುವಾಗ ಅಪ್ಪ ತಮ್ಮ ಬಾಯಿ ತೆರೆದು ಬೆರಳು ಮಾಡಿ ತೋರಿಸಿದರು.

ಹದಿಮೂರನೆಯ ಕೀರ್ತನೆಗೆ ಬಂದ ದಿನ ಚೆನ್ನಾಗಿ ನೆನಪಿದೆ. ಅದರಲ್ಲಿ 'ಎಷ್ಟರವರೆಗೆ' ಎಂಬ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ನಾನು ತಡವರಿಸುತ್ತ ಓದುತ್ತಿದ್ದೆ. ಮೊದಲ ಸಾಲು ಮುಗಿಸಿ ಉಸಿರು ತೆಗೆದುಕೊಂಡೆ. ಅಷ್ಟರಲ್ಲಿ ಎದುರಿನಿಂದ, ತೊದಲಿದರೂ ಸ್ಪಷ್ಟವಾಗಿ, ಒಂದು ಗಂಡಸಿನ ದನಿ: "ಎಷ್ಟರ... ವರೆಗೆ."

ನಾನು ತಲೆ ಎತ್ತಿದೆ. ಅಪ್ಪನಿಗೂ ಆಶ್ಚರ್ಯವಾದಂತಿತ್ತು. ಅಡುಗೆಮನೆಯಿಂದ ಅವ್ವ ರೊಟ್ಟಿ ಬಡಿಯುವ ಹಿಟ್ಟಿನ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತಳು. "ಇನ್ನೊಮ್ಮೆ ಓದು. ಅಲ್ಲೀತನಕ ಓದಿ ಸುಮ್ಮನಾಗು" ಅಂದಳು. ಓದಿದೆ, ಸುಮ್ಮನಾದೆ. ಅಪ್ಪ ಮತ್ತೆ ಅಂದರು. ಆ ಸಾಲಿನ ಉಳಿದ ಮಾತೂ ಒಂದೆರಡು ಬಂತು. ಅವ್ವ ಅಲ್ಲೇ ಬಾಗಿಲಿಗೆ ಒರಗಿಕೊಂಡು ಕೂತಳು. ಆ ದಿನದ ರೊಟ್ಟಿ ಸೀದುಹೋಯಿತು. ನಾನು ಹಾಗೆಯೇ ತಿಂದು ಆಫೀಸಿಗೆ ಹೋದೆ.

ಅಂದಿನಿಂದ ನಮ್ಮ ಓದು ಹಾಗೆ ನಡೆಯಿತು. ಮೊದಲರ್ಧ ನನ್ನದು, ಎರಡನೆಯ ಅರ್ಧ ಅಪ್ಪನದು. ಎಲ್ಲ ಸಾಲೂ ಬರುತ್ತಿರಲಿಲ್ಲ. ಕೆಲವು ದಿನ ಮೂರು ಸಾಲು ಬಂದರೆ ಹೆಚ್ಚು, ಕೆಲವು ದಿನ ಒಂದೂ ಇಲ್ಲ. ತಾವಾಗಿ ಒಂದು ಲೋಟ ನೀರು ಕೇಳಲು ಬಾರದ ಮನುಷ್ಯ ಆಕಾಶ, ಭೂಮಿ, ನೀತಿ, ಕೃಪೆ ಎನ್ನುತ್ತಿದ್ದರು.

ಆ ಕಾಲದಲ್ಲಿ ನಮ್ಮ ಮನೆಗೆ ಪ್ರತಿ ಗುರುವಾರ ಮಧ್ಯಾಹ್ನ ಒಬ್ಬ ಹಿರಿಯರು ಬರುತ್ತಿದ್ದರು. ದೇವಶಾಸ್ತ್ರದ ಕಾಲೇಜಿನಲ್ಲಿ ಮೂವತ್ತು ವರ್ಷ ಹೀಬ್ರೂ ಕಲಿಸಿ ನಿವೃತ್ತರಾದವರು, ನಮ್ಮ ಚರ್ಚಿನವರು, ತಮಿಳಿನವರು. ನಾವು ಅವರನ್ನು ಮೇಷ್ಟರು ಎನ್ನುತ್ತಿದ್ದೆವು. ಎರಡು ಬಸ್ಸು ಬದಲಾಯಿಸಿ ಬಂದು, ಅಪ್ಪನ ಪಕ್ಕದಲ್ಲಿ ಒಂದು ಗಂಟೆ ಕೂತು, ಕಾಫಿ ಕುಡಿದು ಹೋಗುವರು. ಹೆಚ್ಚು ಮಾತಾಡುತ್ತಿರಲಿಲ್ಲ. ಗುರುವಾರ ನನಗೆ ಅರ್ಧ ದಿನ ರಜೆ ಇದ್ದಾಗ ನಾನೂ ಕೂರುತ್ತಿದ್ದೆ. ಅಪ್ಪ ಎರಡನೆಯ ಅರ್ಧ ಮಾತ್ರ ಹೇಳುತ್ತಾರೆ ಎಂದು ತಿಳಿಸಿದಾಗ ಅವರಿಗೆ ಬಹಳ ಸಂತೋಷವಾಯಿತು.

"ಕೀರ್ತನೆಗಳ ಮೂಲ ಹೀಬ್ರೂ. ಹೀಬ್ರೂ ಪದ್ಯ ಇರುವುದೇ ಹಾಗೆ, ಅಮ್ಮಾ" ಎಂದು ತಮಿಳಿನಲ್ಲಿ ವಿವರಿಸಿದರು. "ಒಂದು ಮಾತು ಹೇಳುತ್ತಾರೆ, ಅದನ್ನೇ ಸ್ವಲ್ಪ ಬದಲಾಯಿಸಿ ಇನ್ನೊಮ್ಮೆ ಹೇಳುತ್ತಾರೆ. ಒಂದೇ ಸಲಕ್ಕೆ ಹೇಳಿ ಮುಗಿಸಲು ಆಗದ ಸಂಗತಿಗಳು ಅವು."

'ಸೆಲಾ' ಎಂಬ ಪದಕ್ಕೆ ಅರ್ಥವೇನೆಂದು ಕೇಳಿದೆ. ಕೀರ್ತನೆಗಳ ನಡುನಡುವೆ ಅದು ಬರುತ್ತಿತ್ತು. ಖಚಿತವಾಗಿ ಯಾರಿಗೂ ಗೊತ್ತಿಲ್ಲ, ಇಲ್ಲಿ ಸ್ವಲ್ಪ ನಿಲ್ಲು ಎಂದಿರಬಹುದು ಎಂದರು. ಅಪ್ಪ ಅದನ್ನು ಗಟ್ಟಿಯಾಗಿ ಹಿಡಿದುಕೊಂಡರು. ಮರುದಿನದಿಂದ ಸೆಲಾ ಬಂದಾಗಲೆಲ್ಲ ಪುಸ್ತಕದ ಮೇಲೆ ಕೈಯಿಟ್ಟು ಕಾಫಿಯ ಲೋಟ ತೋರಿಸುತ್ತಿದ್ದರು.

ಚರ್ಚಿನ ಪ್ರಾರ್ಥನಾ ಗುಂಪಿನ ಹೆಂಗಸರೂ ಒಂದು ಸಂಜೆ ಬಂದರು. ಒಳ್ಳೆಯ ಮನಸ್ಸಿನವರು, ಹಣ್ಣು ತಂದಿದ್ದರು. ನಾನು ಓದಿದಾಗ ಅಪ್ಪ ಅವರೆದುರು "ಎಷ್ಟರವರೆಗೆ" ಅಂದದ್ದನ್ನು ಕೇಳಿ, ಅವ್ವ ಅದರ ಅರ್ಥ ಹೇಳಿದಾಗ, ಅವರಲ್ಲಿ ದೊಡ್ಡವರು ತಲೆ ಅಲ್ಲಾಡಿಸಿದರು. "ಇಂಥದ್ದನ್ನೆಲ್ಲ ಓದಬೇಡಿ. ಸ್ತುತಿಯ ಕೀರ್ತನೆ ಮಾತ್ರ ಓದಿ. ದೂರು ಹೇಳಿದರೆ ವಿಶ್ವಾಸ ಕಡಿಮೆ ಎಂದಾಗುತ್ತದೆ. ವಿಶ್ವಾಸ ಪೂರ್ತಿಯಿದ್ದರೆ ಈಸ್ಟರಿಗೆ ಅಣ್ಣ ಚರ್ಚಿಗೆ ನಡೆದು ಬಂದು ಹಾಡುತ್ತಾರೆ" ಎಂದರು. ಅವರು ಹೋದ ಮೇಲೆ ಅವ್ವ ಬಹಳ ಹೊತ್ತು ಮಂಕಾಗಿದ್ದಳು. ನಮ್ಮ ವಿಶ್ವಾಸದಲ್ಲೇ ಏನಾದರೂ ಕಡಿಮೆಯಾಯಿತೇ ಎಂಬ ಚಿಂತೆ ಅವಳಿಗೆ ಹತ್ತಿಕೊಂಡಿತು. ಈಸ್ಟರ್ ಬಂತು, ಹೋಯಿತು. ಅಪ್ಪ ಹಾಡಲಿಲ್ಲ.

ಅವ್ವ ಅದನ್ನು ಮೇಷ್ಟರ ಮುಂದೆ ತನ್ನ ಹರುಕುಮುರುಕು ತಮಿಳಿನಲ್ಲಿ ಹೇಳಿಕೊಂಡಳು. ಅವರು ಕಾಫಿ ಲೋಟ ಕೆಳಗಿಟ್ಟರು.

"ಹೀಬ್ರೂವಿನಲ್ಲಿ ಈ ಪುಸ್ತಕದ ಹೆಸರಿನ ಅರ್ಥವೇ ಸ್ತುತಿಗಳು ಅಂತ" ಎಂದರು. "ಆ ಹೆಸರಿಟ್ಟವರು ಒಳಗಿನ ಅಳುವನ್ನು ತೆಗೆದುಹಾಕಲಿಲ್ಲವಲ್ಲ, ಅಮ್ಮಾ. ಅದನ್ನೂ ಸೇರಿಸಿಯೇ ಸ್ತುತಿ ಎಂದು ಕರೆದರು. ನೀವು ಓದಿ."

ಓದಿದೆವು. ಮಳೆಗಾಲದ ಹೊತ್ತಿಗೆ ಎಂಬತ್ತೆಂಟನೆಯ ಕೀರ್ತನೆಗೆ ಬಂದೆವು. ಅಷ್ಟರಲ್ಲಿ ನನಗೆ ಒಂದು ಅಂದಾಜು ಸಿಕ್ಕಿತ್ತು: ಎಷ್ಟೇ ಅತ್ತರೂ ಕೀರ್ತನೆ ಕೊನೆಯಲ್ಲಿ ಎಲ್ಲೋ ಒಂದು ಕಡೆ ತಿರುಗುತ್ತದೆ, ಆದರೂ ನಿನ್ನನ್ನು ನಂಬುತ್ತೇನೆ ಎನ್ನುತ್ತದೆ. ಇದು ತಿರುಗಲೇ ಇಲ್ಲ. ಬಲ ಇಲ್ಲದವನಾದೆ, ಬೇಕಾದವರು ದೂರವಾದರು ಎಂದು ಹೇಳುತ್ತ ಹೇಳುತ್ತ ಕತ್ತಲೆಯಲ್ಲೇ ಮುಗಿದುಹೋಯಿತು. ನನಗೆ ಕಸಿವಿಸಿಯಾಗಿ ಬೇಗ ಹಾಳೆ ತಿರುಗಿಸಲು ಹೋದೆ. ಅಪ್ಪ ಎಡಗೈಯನ್ನು ಹಾಳೆಯ ಮೇಲೆ ಊರಿ ಬಿಡಲಿಲ್ಲ. ಮೊದಲಿನಿಂದ ಓದು ಎಂದು ಬೆರಳು ತೋರಿಸಿದರು. ಮರುದಿನ ಮತ್ತೆ ಅದೇ. ಅದರ ಮರುದಿನವೂ ಅದೇ. ಒಂಬತ್ತು ದಿನ ನಾವು ಆ ಒಂದೇ ಕೀರ್ತನೆ ಓದಿದೆವು. ಅಪ್ಪ ಎರಡನೆಯ ಅರ್ಧಗಳನ್ನು ಒಂದೂ ತಪ್ಪದೆ ಹೇಳುತ್ತಿದ್ದರು, ಉಳಿದ ಯಾವ ಕೀರ್ತನೆಯಲ್ಲೂ ಅಷ್ಟು ಬಂದಿರಲಿಲ್ಲ.

ನನಗೆ ಭಯವಾಯಿತು. ಇವರು ಬದುಕುವ ಆಸೆ ಬಿಟ್ಟಿದ್ದಾರೆ ಅನ್ನಿಸಿತು. ಆಗ ನನ್ನ ಸ್ಥಿತಿಯೂ ಚೆನ್ನಾಗಿರಲಿಲ್ಲ. ಆಫೀಸಿನಲ್ಲಿ ತಡವಾಗಿ ಬರುತ್ತೇನೆಂದು ಎರಡು ಸಲ ಮೆಮೊ ಕೊಟ್ಟಿದ್ದರು. ಬೆಂಗಳೂರಿನಿಂದ ನನ್ನನ್ನು ನೋಡಲು ಬಂದಿದ್ದ ಒಂದು ಸಂಬಂಧದವರು, ಅಪ್ಪನ ಜೊತೆ ಹತ್ತು ನಿಮಿಷ ಕೂತೆದ್ದು ಹೋದ ಮೇಲೆ ಪತ್ರವನ್ನೇ ಬರೆಯಲಿಲ್ಲ. ಹತ್ತನೆಯ ದಿನ ಬೆಳಿಗ್ಗೆ ಅಪ್ಪ ಮತ್ತೆ ಆ ಹಾಳೆಗೇ ಬೆರಳಿಟ್ಟಾಗ ನನ್ನ ತಾಳ್ಮೆ ಕಳಚಿತು. ಪುಸ್ತಕ ಮುಚ್ಚಿದೆ.

"ಪೋದುಂಪ್ಪಾ. ಎನ್ನಾಲ ಮುಡಿಯಲೆ" ಅಂದೆ. ಸಾಕಪ್ಪಾ, ನನ್ನಿಂದಾಗುವುದಿಲ್ಲ. ಸಿಟ್ಟಿಗೆ ಬಂದದ್ದು ತಮಿಳೇ. "ದಿನಾ ಬೆಳಗಾದರೆ ಈ ಕತ್ತಲೆ. ನಾಳೆಯಿಂದ ನಾನು ಓದುವುದಿಲ್ಲ."

ಅಪ್ಪ "ಸರಿ" ಅಂದರು. ಅದು ಯಾವ ಸರಿಯೋ ತಿಳಿಯಲಿಲ್ಲ. ನಾನು ತಿಂಡಿ ತಿನ್ನದೆ ಹೊರಟುಹೋದೆ.

ಅವತ್ತು ಗುರುವಾರ. ಆಫೀಸಿನಲ್ಲಿ ಕೆಲಸ ಹತ್ತಲಿಲ್ಲ. ಮೇಷ್ಟರು ಹೊರಡುವ ಮೊದಲೇ ಅವರ ಮನೆಗೆ ಫೋನು ಮಾಡಿ, ಇವತ್ತು ಬರಬೇಡಿ, ಮನೆಯಲ್ಲಿ ಹೀಗಾಗಿದೆ ಎಂದು ಎಲ್ಲ ಹೇಳಿದೆ. ಅವರು ಹೇಳಿದ್ದು ನನಗೆ ಈಗಲೂ ಹಾಗೆಯೇ ಕಿವಿಯಲ್ಲಿದೆ.

"ಆ ಕೀರ್ತನೆಯ ನಡುವೆ ಒಂದು ಕಡೆ ಬೆಳಿಗ್ಗೆ ಎಂಬ ಮಾತು ಬರುತ್ತದೆ, ನೋಡಿದೆಯಾ? ಬೆಳಿಗ್ಗೆ ಎದ್ದು ನಿನ್ನ ಹತ್ತಿರ ಬರುತ್ತೇನೆ ಎನ್ನುತ್ತಾನೆ. ಅವನಿಗೆ ಉತ್ತರ ಸಿಕ್ಕಿಲ್ಲ. ಸಿಗುತ್ತದೆ ಎಂದೂ ಅವನು ಹೇಳುವುದಿಲ್ಲ. ಆದರೆ ಬೆಳಿಗ್ಗೆ ಎದ್ದು ಹೇಳುವುದನ್ನು ನಿಲ್ಲಿಸಿಲ್ಲ. ಅಷ್ಟೇ ಇರುವುದು ಅದರಲ್ಲಿ. ನಿಮ್ಮಪ್ಪನಿಗೆ ಅಷ್ಟು ಸಾಕಾಗಿರಬಹುದು."

ಸಂಜೆ ಆರಕ್ಕೆ ಮಾಧವರಂನಲ್ಲಿ ಬಸ್ಸಿನಿಂದ ಇಳಿದೆ. ಸ್ಟಾಪಿನ ಎದುರು ಒಂದು ಟೀ ಅಂಗಡಿ, ಅದರ ಮುಂದೆ ಬೆಂಚು. ಬೆಂಚಿನ ಮೇಲೆ ಅಪ್ಪ, ಅವ್ವ ಕೂತಿದ್ದರು. ಲಕ್ವ ಹೊಡೆದ ಮೇಲೆ ಅಪ್ಪ ಗೇಟು ದಾಟಿ ಹೊರಗೆ ಬಂದಿರಲಿಲ್ಲ. ಮನೆಯಿಂದ ಸ್ಟಾಪಿಗೆ ನನಗೆ ಆರು ನಿಮಿಷದ ದಾರಿ. ಅವರಿಗೆ ಮುಕ್ಕಾಲು ಗಂಟೆ ಹಿಡಿದಿತ್ತಂತೆ, ನಡುವೆ ನಾಲ್ಕು ಕಡೆ ಕೂತು. ಅಂಗಿಗೆ ಗುಂಡಿ ಸರಿಯಾಗಿ ಹಾಕಿಕೊಂಡಿದ್ದರು, ತಲೆ ಬಾಚಿದ್ದರು.

"ನಾಲ್ಕ ಗಂಟೇಕ ಎದ್ದು ಚಪ್ಪಲಿ ತೋರ್ಸಾಕ ಹತ್ತಿದ್ರು. ಬ್ಯಾಡ ಅಂದ್ರ ಕೇಳಲಿಲ್ಲ" ಅಂದಳು ಅವ್ವ. ಅವಳ ಸೀರೆಯ ಅಂಚೆಲ್ಲ ಕೆಸರು.

ನಾನು ಮುಂದೆ ಹೋಗಿ ನಿಂತೆ. ಅಪ್ಪ ನನ್ನ ಕೈ ಹಿಡಿದುಕೊಂಡರು. ತುಟಿ ಕೂಡಿಸಿ, ಬಿಡಿಸಿ, ಮತ್ತೆ ಕೂಡಿಸಿ, ಟೀ ಅಂಗಡಿಯವನೂ ಕೆಲಸ ಬಿಟ್ಟು ನೋಡುವಷ್ಟು ಹೊತ್ತು ಪ್ರಯತ್ನ ಮಾಡಿ, "ಬೆಳಿ...ಗ್ಗೆ" ಅಂದರು. ಸ್ವಲ್ಪ ತಡೆದು ಮತ್ತೆ, "ಬೆಳಿಗ್ಗೆ."

'ಸರಿ' ಒಂದನ್ನು ಬಿಟ್ಟರೆ, ಯಾರೂ ಮೊದಲರ್ಧ ಓದಿಕೊಡದೆ ಅವರಾಗಿ ಆಡಿದ ಮೊದಲ ಮಾತು ಅದು. ಅರ್ಥ ಕೇಳಬೇಕಾಗಿರಲಿಲ್ಲ. "ಆಯ್ತಪ್ಪಾ, ಬೆಳಿಗ್ಗೆ ಓದ್ತೀನಿ" ಅಂದೆ. ಮೂವರೂ ಟೀ ಕುಡಿದೆವು. ಹೋಗುವಾಗ ಸೈಕಲ್ ರಿಕ್ಷಾ ಮಾಡಿಕೊಂಡೆವು.

ಮರುದಿನ ಅಪ್ಪನೇ ಹಾಳೆ ತಿರುಗಿಸಿ ಎಂಬತ್ತೊಂಬತ್ತಕ್ಕೆ ಹೋದರು.

ಆಮೇಲಿನ ವರ್ಷಗಳಲ್ಲಿ ಅಪ್ಪನಿಗೆ ನಲವತ್ತರಷ್ಟು ಪದ ಬಂದಿರಬೇಕು. ಅದಕ್ಕಿಂತ ಹೆಚ್ಚು ಬರಲಿಲ್ಲ. ಬಂದವೆಲ್ಲ ಕೀರ್ತನೆಗಳ ಪದಗಳೇ. ಅವುಗಳಲ್ಲೇ ಅವರು ಸಂಸಾರ ಮಾಡಿದರು. ಕರೆಂಟು ಹೋದರೆ "ಎಷ್ಟರವರೆಗೆ." ಹಾಗಲಕಾಯಿ ಪಲ್ಯ ಬಡಿಸಿದರೆ ಅವ್ವನ ಕಡೆ ನೋಡಿ "ಶತ್ರು." ಕೆಲಸದಾಕೆ ಬಾರದ ದಿನ "ಕೈಬಿಟ್ಟೆ." ಬಿಸಿ ನೀರು ಮೈಮೇಲೆ ಬಿದ್ದಾಗ ಕಣ್ಣು ಮುಚ್ಚಿ "ಕೃಪೆ." ಪಕ್ಕದ ಮನೆಯ ತಮಿಳಿನವರಿಗೂ ಇವುಗಳ ಅರ್ಥ ಗೊತ್ತಾಗಿ, ಕರೆಂಟು ಹೋದರೆ ಆ ಕಡೆಯಿಂದ ಅವರೇ "ಎಷ್ಟರವರೆಗೆ ಸಾರ್!" ಎಂದು ಕೂಗುತ್ತಿದ್ದರು. ಇಡೀ ಪುಸ್ತಕವನ್ನು ನಾವು ಏಳು ಸಲ ಓದಿದೆವು. ನನಗೆ ಮದುವೆಯಾಗಲಿಲ್ಲ. ಅದರ ದುಃಖ ಮೊದಮೊದಲು ಇತ್ತು, ಆಮೇಲೆ ಕಡಿಮೆಯಾಯಿತು. ಅಪ್ಪನಿಗಾಗಿ ತ್ಯಾಗ ಮಾಡಿದೆ ಎಂದು ಯಾರಾದರೂ ಅಂದರೆ ನನಗೆ ಇರುಸುಮುರುಸಾಗುತ್ತದೆ. ಬೆಳಗಿನ ಆ ಒಂದು ಗಂಟೆ ನನಗೂ ಬೇಕಾಗಿತ್ತು. ಹೇಗಿದ್ದೀಯ ಎಂದು ಯಾರು ಕೇಳಿದರೂ ಚೆನ್ನಾಗಿದ್ದೇನೆ ಎನ್ನಬೇಕಾದ ದಿನಗಳಲ್ಲಿ, ಚೆನ್ನಾಗಿಲ್ಲ ಎಂದು ಗಟ್ಟಿಯಾಗಿ ಹೇಳಲು ಅದೊಂದೇ ಜಾಗವಿತ್ತು.

ಅಪ್ಪ ತೀರಿಕೊಂಡದ್ದು ಏಳು ವರ್ಷದ ನಂತರ, ನ್ಯುಮೋನಿಯಾ ಆಗಿ, ಮಧ್ಯಾಹ್ನದ ಊಟದ ಹೊತ್ತಿನಲ್ಲಿ. ಮೇಷ್ಟರು ಆಗ ಇರಲಿಲ್ಲ, ಅವರು ಹಿಂದಿನ ವರ್ಷವೇ ಹೋಗಿದ್ದರು. ಸಮಾಧಿಯ ಬಳಿ ಪಾಸ್ಟರು ಪ್ರಾರ್ಥನೆ ಮಾಡಿದ ಮೇಲೆ, ಒಂದು ಕೀರ್ತನೆ ಕನ್ನಡದಲ್ಲಿ ಓದಲು ಅನುಮತಿ ಕೇಳಿದೆ. ಬಂದಿದ್ದವರೆಲ್ಲ ತಮಿಳಿನವರು. ಬೆಳಗನ್ನು ಎದುರುನೋಡುವ ಕಾವಲುಗಾರರ ಕೀರ್ತನೆ ಓದಿದೆ. ಎಷ್ಟೋ ರಾತ್ರಿಪಾಳಿ ಮಾಡಿದ ಅಪ್ಪನಿಗೆ ಅದು ಇಷ್ಟ. ಪ್ರತಿ ಸಾಲಿನ ನಡುವೆ ಅಭ್ಯಾಸಬಲದಿಂದ ನಿಲ್ಲುತ್ತಿದ್ದೆ. ಎರಡನೆಯ ಅರ್ಧವನ್ನೂ ನಾನೇ ಓದಬೇಕು ಎಂದು ಪ್ರತಿ ಸಲ ನೆನಪು ಮಾಡಿಕೊಳ್ಳಬೇಕಾಯಿತು. ಪಾಸ್ಟರು ತಾಳ್ಮೆಯಿಂದ ಕಾದರು.

ಮಾಧವರಂನ ಮನೆಯನ್ನು ಬಾಡಿಗೆಗೆ ಕೊಟ್ಟು ಅವ್ವನೂ ನಾನೂ ಊರಿನ ಇನ್ನೊಂದು ತುದಿಯ ವೇಲಚೇರಿಗೆ ಬಂದೆವು. ನನ್ನ ಆಫೀಸು ಆ ಕಡೆಗೆ ಬಂದಿತ್ತು. ಎರಡನೆಯ ಮಹಡಿಯ ಫ್ಲಾಟು. ಬಂದ ಮೊದಲ ಮಳೆಗಾಲಕ್ಕೇ ಬೀದಿಯಲ್ಲಿ ಸೊಂಟದ ಮಟ್ಟ ನೀರು. ನೆಲಮಹಡಿಯ ಮನೆಯ ಹೆಂಗಸು ಅಕ್ಕಿಯ ಡಬ್ಬ, ಗ್ಯಾಸಿನ ಸ್ಟವ್ ಹೊತ್ತುಕೊಂಡು ಅತ್ತೆಯ ಜೊತೆ ನಮ್ಮಲ್ಲಿಗೆ ಬಂದಳು. ಗಂಡ ಊರಲ್ಲಿರಲಿಲ್ಲ. ಎರಡನೆಯ ದಿನ ಮಧ್ಯಾಹ್ನಕ್ಕೇ ಮೋಡ ಕವಿದು ಮನೆಯೊಳಗೆ ಏನೂ ಕಾಣದಂತಾಯಿತು. ಮೇಣದ ಬತ್ತಿ ಮುಗಿದಿತ್ತು. ಆ ಹೆಂಗಸು ಮನೆಯ ಸಾಮಾನೆಲ್ಲ ನೀರುಪಾಲಾಯಿತೆಂದು ಅಳತೊಡಗಿದಳು.

"ಏನರ ಅನ್ನು" ಎಂದಳು ಅವ್ವ ನನಗೆ.

ಪುಸ್ತಕ ಕಾಣುತ್ತಿರಲಿಲ್ಲ. ಪ್ರವಾಹದ ನೀರು ಕುತ್ತಿಗೆಯವರೆಗೆ ಬಂತು ಎಂದು ಶುರುವಾಗುವ ಒಂದು ಕೀರ್ತನೆಯಿದೆ. ಅದನ್ನು ಹೇಳಲು ತೊಡಗಿದೆ. ನೋಡದೆ ಬರುತ್ತದೆ ಎಂದು ನನಗೇ ಗೊತ್ತಿರಲಿಲ್ಲ. ಆ ಹೆಂಗಸು ಅಳು ನಿಲ್ಲಿಸಿ, ಇದು ಏನು ಭಾಷೆ, ಏನು ಹೇಳುತ್ತಿದ್ದಾರೆ ಎಂದು ಅವ್ವನನ್ನು ಕೇಳಿದಳು.

"ನೀರು ಬಂದಿರುಚ್ಚು ಅಂತ ದೇವರಿಗೆ ಕಂಪ್ಲೇಂಟ್ ಕೊಡಾಕ ಹತ್ಯಾಳ" ಅಂದಳು ಅವ್ವ, ಅರ್ಧ ತಮಿಳು ಅರ್ಧ ಗದಗು ಸೇರಿಸಿ.

ಆಕೆಗೆ ಎಷ್ಟು ತಿಳಿಯಿತೋ. "ನಮ್ಮ ಮನೆಯದನ್ನೂ ಸೇರಿಸಿ ಹೇಳಿ ಅಕ್ಕಾ" ಎಂದು ತಮಿಳಿನಲ್ಲಿ ಹೇಳಿ ಗೋಡೆಗೆ ಒರಗಿದಳು. ನಾನು ಮುಂದಿನದನ್ನು ಹೇಳುತ್ತ ಹೋದೆ. ಸ್ವಲ್ಪ ಹೊತ್ತಿಗೆ ಅವಳ ಅತ್ತೆಗೆ ನಿದ್ದೆ ಬಂತು, ಆಮೇಲೆ ಅವಳಿಗೂ ಬಂತು. ನೀರು ಇಳಿಯಲು ಇನ್ನೂ ಎರಡು ದಿನ ಬೇಕಾಯಿತು.